ಮಗನ ಗಿಟಾರಿಗೆ ಅಪ್ಪನ ಪೇಟಿ ಸಾಥ್

ಅಕ್ಕಲಕೋಟ: ನಮ್ಮ ಗಲ್ಲಿಯ ಕೊನೆಯ ಮನೆಯಲ್ಲಿ ಸಂಜೆಯಾದರೆ ಎರಡು ದನಿ. ಪಡಸಾಲೆಯಲ್ಲಿ ಅಪ್ಪನ ಪೇಟಿ, ಮಾಳಿಗೆ ಮೇಲೆ ಮಗನ ಗಿಟಾರ್. ಅಪ್ಪ ಭಜನಿ ಮಂಡಳಿಯ ಹಳೇ ಪೇಟಿಗಾರರು. ಮಗ ಮರಾಠಿ ಮಾಧ್ಯಮದಲ್ಲಿ ಕಲಿತು ಈಗ ಸೊಲ್ಲಾಪುರದ ಕಾಲೇಜಿಗೆ ಓಡಾಡುವ ಹುಡುಗ. ಗಿಟಾರ್ ಮನೆಗೆ ಬಂದಾಗಿನಿಂದ ಇಬ್ಬರ ನಡುವೆ ಮಾತು ಕಡಿಮೆ. ‘ಪರೀಕ್ಷಾ ಹತ್ರ ಬಂದಾವ, ಅದೇನ್ ಟಂಯ್ ಟಂಯ್ ಹಚ್ಚೀದಿ?’ ಎನ್ನುವುದೊಂದೇ ಮಾತು.

ಹುಡುಗ ಸಿಕ್ಕಿಬಿದ್ದದ್ದು ಮೈನರ್ ನೈನ್, ಇಲೆವೆನ್, ಥರ್ಟೀನ್ ಕಾರ್ಡುಗಳಲ್ಲಿ. ಸಾದಾ ಎ ಮೈನರ್ ಅಂದರೆ ಎ, ಸಿ, ಇ ಮೂರೇ ಸ್ವರ. ಅದರ ಮೇಲೆ ಒಂದು ಬಿಟ್ಟು ಒಂದು ಏರಿಸುತ್ತ ಹೋದರೆ ಜಿ ಸೇರಿ ಸೆವೆನ್, ಬಿ ಸೇರಿ ನೈನ್, ಡಿ ಸೇರಿ ಇಲೆವೆನ್, ಎಫ್ ಶಾರ್ಪ್ ಸೇರಿ ಥರ್ಟೀನ್. ಒಟ್ಟು 7 ಸ್ವರ. ಗಿಟಾರಿಗೆ ತಂತಿ 6. ಬಿ.ಕಾಂ. ಓದಿದ ನನಗೂ ಈ ಲೆಕ್ಕ ತಾಳೆಯಾಗಲಿಲ್ಲ.

ಕಡೆಗೆ ಹುಡುಗ ಕೆಳಗಿಳಿದು ಬಂದು, ‘ಅಪ್ಪಾ, ಇವಷ್ಟು ಪೇಟಿ ಮ್ಯಾಲ ಹಿಡದ ತೋರ್ಸು’ ಅಂದ. ಅಪ್ಪ ಪಾಂಢರಿ ಆರನ್ನು ಸಾ ಮಾಡಿಕೊಂಡು ಒಂದೊಂದೇ ಒತ್ತಿದರು. ಸಾ, ಕೋಮಲ ಗ, ಪ, ಕೋಮಲ ನಿ, ಮೇಲಿನ ರೇ, ಮ, ಶುದ್ಧ ಧ. ಕಾಳಿ ಮೂರು ಒಂದನ್ನು ಬಿಟ್ಟರೆ ಎಲ್ಲವೂ ಬಿಳಿ ಪಟ್ಟಿ. ‘ಇದು ಕಾಫಿ ಥಾಟ್ ಅಲ್ಲೇನೋ ತಮ್ಮಾ!’ ಎಂದು ನಕ್ಕುಬಿಟ್ಟರು. ನಿಜ, ಪಾಶ್ಚಾತ್ಯರು ಡೋರಿಯನ್ ಅನ್ನುವ ಸ್ವರಸಾಲೂ ಇದೇ.

ಜಗಳ ಶುರುವಾದದ್ದು ಆಮೇಲೆ. ಏಳೂ ಸ್ವರ ಕೈಗೆ ಎಟುಕುವುದಿಲ್ಲ, ಯಾವುದಾದರೂ ಬಿಡಬೇಕು. ಗಿಟಾರಿನವರು ಮೊದಲು ಬಿಡುವುದು ಪ. ಯಾಕೆಂದರೆ ಮೈನರೋ ಮೇಜರೋ ಎಂದು ಹೇಳುವುದು ಗ, ಪ ಅಲ್ಲ. ‘ಕಾಫಿ ರಾಗಕ್ಕ ಪ ವಾದಿ ಸ್ವರ, ಅದನ್ನ ಹ್ಯಾಂಗ ಬಿಡ್ತಿ?’ ಎಂದು ಅಪ್ಪ. ರಾತ್ರಿ ಊಟದ ತನಕ ವಾದ ನಡೆಯಿತು. ಆ ಮನೆಯಲ್ಲಿ ಇಷ್ಟು ಮಾತು ಕೇಳಿ ಬಹಳ ದಿನ ಆಗಿತ್ತು.

ಕಲಿಯುವವರಿಗೆ ಹುಡುಗ ತೋರಿಸಿದ ರೀತಿ ಹೀಗಿದೆ. 6, 4, 3, 2ನೇ ತಂತಿ 5ನೇ ಫ್ರೆಟ್‌ನಲ್ಲಿ, 1ನೇ ತಂತಿ 7ರಲ್ಲಿ ಒತ್ತಿದರೆ ಎ ಮೈನರ್ ನೈನ್. 2ನೇ ತಂತಿಯನ್ನೂ 7ಕ್ಕೆ ಒಯ್ದರೆ ಪ ಹೋಗಿ ಧ ಬಂತು, ಥರ್ಟೀನ್ ಆಯಿತು. ಮ ಕೂಡ ಇದರಲ್ಲಿಲ್ಲ. 5ನೇ ತಂತಿ ಮಾತ್ರ ನುಡಿಯಬಾರದು. ದಪ್ಪ ತಂತಿ ಒತ್ತಿದ ಬೆರಳಿನ ತುದಿಯನ್ನೇ ಅದಕ್ಕೆ ತಾಗಿಸಿ ಬಾಯಿ ಮುಚ್ಚಿಸಬೇಕು. ಬೆರಳು ನೋಯುವುದು ಬೇರೆ ಮಾತು.

ಏನೂ ಒತ್ತದೇ ಬಾರಿಸುವ ಕಾರ್ಡೂ ಒಂದಿದೆ. ಗಿಟಾರಿನ ಖಾಲಿ ತಂತಿಗಳೇ ಇ, ಎ, ಡಿ, ಜಿ, ಬಿ, ಇ. ಒಂದು ರೇ ಬಿಟ್ಟರೆ ಅದೇ ಇ ಮೈನರ್ ಇಲೆವೆನ್. 1959ರಲ್ಲಿ ಬಂದ ಮೈಲ್ಸ್ ಡೇವಿಸ್‌ರ ‘ಸೋ ವಾಟ್’ನಲ್ಲಿ ಬಿಲ್ ಎವಾನ್ಸ್ ಪಿಯಾನೋ ಮೇಲೆ ಹಿಡಿದದ್ದು ಇದೇ ಐದು ಸ್ವರದ ಜೋಡಣೆ.

ಪ ಬಿಟ್ಟ ಕಾರ್ಡ್ ಮಂಡಳಿಯೊಳಗೆ ನಡೆಯಂಗಿಲ್ಲ ಎಂದು ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಹುಡುಗ ಈಗ ಆ ಖಾಲಿ ತಂತಿಯ ಇಲೆವೆನ್ ಹಿಡಿದು ಕೂತಿದ್ದಾನೆ, ಅದರಲ್ಲಿ ಪ ಇದೆ. ಮೊನ್ನೆ ಸಂಜೆ ಹೋದಾಗ ಅಪ್ಪ ಪಾಂಢರಿ ಮೂರಕ್ಕೆ ಸಾ ಇಳಿಸಿಕೊಂಡು ಕಾಯುತ್ತಿದ್ದರು.