ಕಿವಿಯೋಲೆಯ ಹುಕ್ ಮನೆಯಲ್ಲೇ ಮಾಡಬಹುದು, ತಂತಿ ಆರಿಸುವಾಗ ಎಚ್ಚರ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮಣಿ, ನೂಲು, ರೆಸಿನ್‌ನಿಂದ ಕಿವಿಯೋಲೆ ಮಾಡಿ ವಾಟ್ಸಾಪ್‌ನಲ್ಲಿ ಮಾರುವ ಹೆಣ್ಮಕ್ಕಳಿದ್ದಾರೆ. ಓಲೆ ಚಂದವೇ ಇರುತ್ತದೆ. ಆದರೆ ಕಿವಿಗೆ ಸಿಕ್ಕಿಸುವ ಹುಕ್ ಪ್ಯಾಕೆಟ್‌ನಲ್ಲಿ ಬಂದದ್ದು, ಯಾವ ಲೋಹ ಅಂತ ಗೊತ್ತಿರುವುದಿಲ್ಲ. ಎರಡು ದಿನ ಹಾಕಿ ಕಿವಿ ತುರಿಸಿ ಕೆಂಪಾದರೆ ಗಿರಾಕಿ ಬೈಯುವುದು ಮಾಡಿದವಳನ್ನೇ.

ಹೆಚ್ಚಿನ ಸಲ ಇದಕ್ಕೆ ಕಾರಣ ನಿಕ್ಕಲ್. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಬೆರೆಸಿದ್ದು. ಚಿನ್ನದ ಬಣ್ಣದ ಹುಕ್‌ಗಳಲ್ಲೂ ಲೇಪದ ಅಡಿ ನಿಕ್ಕಲ್ ಪದರ ಇರುವುದುಂಟು. ಲೇಪ ಸವೆದಾಗ ಅದು ಚರ್ಮಕ್ಕೆ ತಾಗುತ್ತದೆ. ಈ ಅಲರ್ಜಿ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಮಾಲಿನ ಐಬು ಮುಚ್ಚಿಟ್ಟು ಮಾರುವುದು ದೀನ್‌ನಲ್ಲಿ ಒಪ್ಪಿತವಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಲೋಹ ಯಾವುದೆಂದು ಮಾರುವವಳಿಗೇ ತಿಳಿದಿರಬೇಕು.

ಹುಕ್‌ಗೆ 92.5 ಬೆಳ್ಳಿಯ ತಂತಿ ಒಳ್ಳೆಯದು. ಕೈ ಪಳಗುವವರೆಗೆ ತಾಮ್ರದಲ್ಲಿ ಅಭ್ಯಾಸ ಸಾಕು. ಮೋಟರ್ ವೈಂಡಿಂಗ್ ತಂತಿ ಕಿವಿಗೆ ಬೇಡ, ಅದರ ಮೇಲೆ ವಾರ್ನಿಷ್ ಇರುತ್ತದೆ. ದಪ್ಪ 0.8 ಮಿ.ಮೀ. ಇರಲಿ. ಗೇಜ್ ಹೇಳಿದರೆ ಗೊಂದಲ: ಅಮೆರಿಕದ ಲೆಕ್ಕದ 20 ಗೇಜ್ ಅಂದರೆ 0.81 ಮಿ.ಮೀ., ಬ್ರಿಟಿಷ್ ಲೆಕ್ಕದಲ್ಲಿ ಅದೇ 20 ಗೇಜ್ 0.91 ಮಿ.ಮೀ. ಸಣ್ಣ ತೂತಿನ ಕಿವಿಗೆ ಅಷ್ಟು ವ್ಯತ್ಯಾಸವೂ ನೋಯುತ್ತದೆ. ಅಂಗಡಿಯಲ್ಲಿ ಮಿಲಿಮೀಟರ್‌ನಲ್ಲೇ ಕೇಳಬೇಕು.

ಐದು ಸೆಂ.ಮೀ. ಉದ್ದದ ಎರಡು ತುಂಡು ಒಟ್ಟಿಗೆ ಕತ್ತರಿಸಿಕೊಂಡರೆ ಜೋಡಿ ಸಮ ಬರುತ್ತದೆ. ದುಂಡು ಮೂತಿಯ ಇಕ್ಕಳದಲ್ಲಿ ಒಂದು ತುದಿಯನ್ನು ಸಣ್ಣ ಬಳೆಯಂತೆ ಸುತ್ತಬೇಕು. ಆ ಬಳೆ ಹೊರಕ್ಕೆ ಇರುವಂತೆ ತಂತಿಯನ್ನು ಪೆನ್ನಿಗೆ ಒತ್ತಿ ಹಿಡಿದು, ಉಳಿದ ಭಾಗವನ್ನು ಪೆನ್ನಿನ ಮೇಲಿಂದ ಬಗ್ಗಿಸಿದರೆ ಹುಕ್ ಆಯಿತು. ಕೊನೆಯ ಮೂರು ಮಿ.ಮೀ. ತುಸು ಹೊರಕ್ಕೆ ಬಾಗಲಿ. ಬಾಗಿದ ಜಾಗವನ್ನು ಉಕ್ಕಿನ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ನಾಲ್ಕು ಸಲ ತಟ್ಟಿದರೆ ಲೋಹ ಗಟ್ಟಿಯಾಗಿ ಆಕಾರ ನಿಲ್ಲುತ್ತದೆ. ಜೋರಾಗಿ ಬಡಿದರೆ ಚಪ್ಪಟೆ, ಕಿವಿಗೆ ಹೋಗುವುದಿಲ್ಲ.

ಅವಸರದಲ್ಲಿ ಬಿಟ್ಟುಹೋಗುವುದು ತುದಿ ಉಜ್ಜುವ ಕೆಲಸ. ಕತ್ತರಿಸಿದ ತಂತಿಯ ತುದಿ ಬ್ಲೇಡಿನಷ್ಟು ಚೂಪು. ಸಣ್ಣ ಅರದಿಂದ ದುಂಡಗೆ ಉಜ್ಜಿ, ಆಮೇಲೆ ನಯವಾದ ಉಪ್ಪುಕಾಗದ ಹಿಡಿಸಬೇಕು. ಹಳೇ ಶಾಲಿನ ಮೇಲೆ ಎಳೆದು ನೋಡಿ. ಒಂದು ಎಳೆ ಸಿಕ್ಕಿಕೊಂಡರೂ ಇನ್ನೂ ಉಜ್ಜಬೇಕು ಅಂತಲೇ.

ಓಲೆ ಸಿಕ್ಕಿಸುವಾಗ ಬಳೆಯನ್ನು ಎರಡೂ ಬದಿಗೆ ಅಗಲಿಸಬಾರದು. ಒಂದು ತುದಿ ಮುಂದೆ, ಒಂದು ಹಿಂದೆ ತಿರುಚಿ ಬಿಡಿಸಿ, ಹಾಗೆಯೇ ಮುಚ್ಚಿದರೆ ದುಂಡು ಕೆಡುವುದಿಲ್ಲ, ಓಲೆಯೂ ದಾರಿಯಲ್ಲಿ ಬಿದ್ದುಹೋಗುವುದಿಲ್ಲ.