ನಿಮಗಿದು ಗೊತ್ತೇ? ಮೈಮೇಲೆ ಬಿದ್ದು ಹೊಡೆಯುವ ಆಟ

ಫೈಟಿಂಗ್ ಗೇಮ್‌ಗಳಲ್ಲಿ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಒಂದೊಂದೂ ಒಂದು ಫ್ರೇಮ್. ‘ಸ್ಟ್ರೀಟ್ ಫೈಟರ್ 6’ರಲ್ಲಿ ಹೋರಾಟಗಾರ ರ್‍ಯೂನ ಚಿಕ್ಕ ಗುದ್ದು, ಆಟಗಾರರ ಮಾತಿನಲ್ಲಿ ಜ್ಯಾಬ್, ನಾಲ್ಕನೇ ಫ್ರೇಮಿಗೇ ತಗಲುತ್ತದೆ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ನಮಗೆ ಹತ್ತಿರಹತ್ತಿರ 12 ಫ್ರೇಮ್ ಕಳೆದಿರುತ್ತವೆ. ಹಾಗಾಗಿ ಜ್ಯಾಬನ್ನು ನೋಡಿ ತಡೆದೆ ಎನ್ನುವವನ ಮಾತು ನಂಬಬೇಡಿ. ಅವನು ಮೊದಲೇ ಊಹಿಸಿರುತ್ತಾನೆ.

ಬ್ಲಾಕ್ ಹಿಡಿದು ಕೂತರೆ ಬಚಾವಾದಿರಿ ಎಂದುಕೊಳ್ಳಬೇಡಿ. ಬ್ಲಾಕ್ ಗುದ್ದನ್ನು ತಡೆಯುತ್ತದೆ, ಎತ್ತಿ ಒಗೆಯುವ ಥ್ರೋವನ್ನಲ್ಲ. ಆದರೆ ಇದೇ ಆಟದಲ್ಲಿ ಥ್ರೋಗೆ 5 ಫ್ರೇಮ್ ಬೇಕು, ಜ್ಯಾಬ್‌ಗೆ 4. ಹಿಡಿಯಲು ಬಂದವನಿಗೆ ಒಂದು ಫ್ರೇಮ್ ಮೊದಲು ಗುದ್ದು ಬಿತ್ತೆಂದರೆ ಹಿಡಿತ ಅಲ್ಲಿಗೇ ತಪ್ಪಿತು.

1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಸೋವಿಯತ್ ಪೈಲ್ವಾನ್ ಜಾಂಗೀಫ್‌ನ ದೊಡ್ಡ ಪಟ್ಟಿಗೆ ಜಾಯ್‌ಸ್ಟಿಕ್ಕನ್ನು ಗಿರ್ರನೆ ಸುತ್ತು ತಿರುಗಿಸಿ ಗುದ್ದಿನ ಬಟನ್ ಒತ್ತಬೇಕು. ತೊಡಕು ಎಲ್ಲಿದೆ ಗೊತ್ತೇ? ಸ್ಟಿಕ್ ಮೇಲಕ್ಕೆ ಹೋದ ಕೂಡಲೇ ಪೈಲ್ವಾನ್ ನೆಗೆದುಬಿಡುತ್ತಾನೆ! ಪಳಗಿದವರು ನೆಗೆತದಲ್ಲಿರುವಾಗಲೇ ಸ್ಟಿಕ್ ತಿರುಗಿಸಿ, ಕಾಲು ನೆಲಕ್ಕೆ ತಾಗುತ್ತಲೇ ಬಟನ್ ಒತ್ತುತ್ತಾರೆ.

ಏಟಿನ ಮೇಲೆ ಏಟು ಕೂಡಿಸುವ ‘ಕಾಂಬೊ’ ಯಾರೂ ಯೋಜಿಸಿದ್ದಲ್ಲ. ಇದೇ ಆಟದಲ್ಲಿ ಕಾರು ಪುಡಿಗಟ್ಟುವ ಬೋನಸ್ ಹಂತವನ್ನು ಪರೀಕ್ಷಿಸುವಾಗ ಆಟ ತಯಾರಿಸಿದ ಕ್ಯಾಪ್ಕಾಮ್ ಕಂಪನಿಯ ನೊರಿಟಾಕ ಫುನಾಮಿಜು ಕಣ್ಣಿಗೆ ಇದು ಬಿತ್ತು. ಇಷ್ಟು ಕಷ್ಟದ್ದು ಯಾರ ಕೈಗೂ ಹತ್ತಲಾರದೆಂದು ಹಾಗೇ ಬಿಟ್ಟರು. ಇಂದು ಕಾಂಬೊ ಇಲ್ಲದ ಫೈಟಿಂಗ್ ಗೇಮ್ ಹುಡುಕಿದರೂ ಸಿಗುವುದು ಕಷ್ಟ.

‘ಸ್ಟ್ರೀಟ್ ಫೈಟರ್ 2’ರಲ್ಲಿ ನಾವು ಆರಿಸಿಕೊಳ್ಳಬಹುದಾದ ಎಂಟು ಮಂದಿಯಲ್ಲಿ ಭಾರತದವನೂ ಒಬ್ಬನಿದ್ದಾನೆ: ಯೋಗಿ ಧಾಲ್ಸಿಮ್. ಕೈಕಾಲು ಮಾರುದ್ದ ಚಾಚಿ ದೂರದಿಂದಲೇ ಹೊಡೆಯುವವನು. ಹತ್ತಿರ ಸಿಕ್ಕಿದರೋ, ಹಳೇ ಮೇಷ್ಟ್ರ ಹಾಗೆ ತಲೆ ಹಿಡಿದು ಪಟಪಟನೆ ಮೊಟಕುತ್ತಾನೆ.

2004ರಲ್ಲಿ ಕ್ಯಾಲಿಫೋರ್ನಿಯಾದ ಇವೊ ಪಂದ್ಯಾವಳಿ. ಆಟ ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’. ಜಪಾನಿನ ಡೈಗೊ ಉಮೆಹಾರಾ ಆಡಿಸುತ್ತಿದ್ದ ಕೆನ್‌ಗೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್‌ನ ಚುನ್‌ಲಿ ಒದೆಗಳ ಸುರಿಮಳೆ ಶುರುಮಾಡಿದಳು. ಬ್ಲಾಕ್ ಮಾಡಿದರೂ ಚೂರು ಜೀವ ಹೋಗುವ ಒದೆಗಳು, ಅಂದರೆ ಸೋಲೇ. ಡೈಗೊ ಒಂದೊಂದು ಒದೆಗೂ ಸರಿಯಾಗಿ ಸ್ಟಿಕ್ಕನ್ನು ಮುಂದಕ್ಕೆ ತಟ್ಟಿ ‘ಪ್ಯಾರಿ’, ಅಂದರೆ ಚೂರೂ ಜೀವ ಹೋಗದ ತಡೆ, ಮಾಡುತ್ತ ಹೋದ. ಹದಿನೈದೂ ವ್ಯರ್ಥ, ಕೊನೆಯದನ್ನು ಗಾಳಿಯಲ್ಲೇ ತಡೆದು, ಇಳಿಯುತ್ತಲೇ ತಿರುಗೇಟು ಕೊಟ್ಟು ಸುತ್ತು ಗೆದ್ದ. ಆ ವಿಡಿಯೊ ಯೂಟ್ಯೂಬ್‌ನಲ್ಲಿದೆ, ನೋಡಿ. ಸದ್ದು ಜೋರಾಗಿಟ್ಟು ನೋಡಿ.