ಎರಡು ಬಣ್ಣದ ಮೊಳೆ

ಕೌಬಾಯ್ ಸಿನಿಮಾಗಳಲ್ಲಿ ಗೋಡೆಗೆ ಅಂಟಿಸಿರುವ ‘ವಾಂಟೆಡ್’ ಪೋಸ್ಟರಿನ ದಪ್ಪ ಅಕ್ಷರಗಳು ನೆನಪಿವೆಯಲ್ಲ, ಅದೇ ವಂಶದ್ದು ರೋಸ್‌ವುಡ್ ಎಂಬ ಫಾಂಟ್. ಮೈತುಂಬ ಒಡವೆ ಹೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ಅಡೋಬಿ ಇದನ್ನು 1994ರಲ್ಲಿ ಹೊರತಂದಿತು. ರೂಪಿಸಿದ ಮೂವರಲ್ಲಿ ಕ್ಯಾರಲ್ ಟ್ವಾಂಬ್ಲಿ ಒಬ್ಬರು. ಹಾಲಿವುಡ್ ಪೋಸ್ಟರುಗಳ ಮೇಲೆ ಗಂಭೀರವಾಗಿ ಕೂರುವ ಟ್ರಾಜನ್ ಕೂಡ ಅವರದೇ ಕೆಲಸ. ಆ ಕೈಯೇ ಈ ಜಾತ್ರೆಯ ಅಕ್ಷರಕ್ಕೂ ದುಡಿಯಿತೆಂದರೆ ನಂಬುವುದು ಕಷ್ಟ.

ಇದರ ಬೇರು ಇರುವುದು ಹತ್ತೊಂಬತ್ತನೇ ಶತಮಾನದ ಅಮೆರಿಕದ ಅಚ್ಚುಕೂಟಗಳಲ್ಲಿ. ಸರ್ಕಸ್ಸು, ನಾಟಕ, ಹರಾಜು, ಎಲ್ಲಕ್ಕೂ ದೂರದಿಂದಲೇ ಕಣ್ಣಿಗೆ ಬೀಳುವ ಅಕ್ಷರ ಬೇಕಿತ್ತು. ಸೀಸದ ಅಚ್ಚುಮೊಳೆಯನ್ನು ಅಷ್ಟು ದೊಡ್ಡದಾಗಿ ಎರಕ ಹೊಯ್ದರೆ ಭಾರ, ದುಬಾರಿ. ಆರುವಾಗ ಮೇಲ್ಮೈ ತಗ್ಗುವ ತಾಪತ್ರಯ ಬೇರೆ. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರ ಕೊರೆಯುವ ಯಂತ್ರ ಮಾಡಿಕೊಂಡ. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮಾದರಿಯ ಅಂಚಿನ ಗುಂಟ ಕಡ್ಡಿ ಆಡಿಸಿದರೆ ಸಾಕು, ಬೇಕಾದ ಅಳತೆಯಲ್ಲಿ ಅದೇ ಅಕ್ಷರ ಮರದಲ್ಲಿ ಮೂಡುತ್ತಿತ್ತು. ಚಿತ್ತಾರ ಅಗ್ಗವಾದದ್ದು ಹೀಗೆ. ಹಳೆಯ ಕುಸುರಿ ಎಂದು ನಾವು ಮೆಚ್ಚುವ ಅಕ್ಷರಗಳು ಬಹುಮಟ್ಟಿಗೆ ಯಂತ್ರದ ಕೂಸುಗಳು! ಅಂದ ಹಾಗೆ, ರೋಸ್‌ವುಡ್ ಎಂದರೆ ಬೀಟೆಮರವಾದರೂ ಮೊಳೆಗೆ ಹೆಚ್ಚಾಗಿ ಬಳಸುತ್ತಿದ್ದುದು ಮೇಪಲ್ ಮರ.

ಕನೆಕ್ಟಿಕಟ್‌ನ ವಿಲಿಯಂ ಪೇಜ್ ಇನ್ನೊಂದು ಹೆಜ್ಜೆ ಮುಂದೆ ಹೋದ. 1874ರಲ್ಲಿ ಅವನು ತಂದ ಮಾದರಿ ಪುಸ್ತಕ ಬಣ್ಣದ ಮೊಳೆಗಳಿಗೇ ಮೀಸಲು. ಒಂದೇ ಅಕ್ಷರಕ್ಕೆ ಎರಡು ಮೊಳೆ: ಒಂದು ಮೈ ತುಂಬಲು, ಇನ್ನೊಂದು ಚಿತ್ತಾರಕ್ಕೆ. ಮೊದಲನೆಯದನ್ನು ಒಂದು ಬಣ್ಣದಲ್ಲಿ ಅಚ್ಚು ಹಾಕಿ, ಅದೇ ಹಾಳೆಯನ್ನು ಮತ್ತೆ ಯಂತ್ರಕ್ಕೆ ಕೊಟ್ಟು ಎರಡನೆಯದನ್ನು ಅದರ ಮೇಲೆ ಕೂರಿಸಬೇಕು. ಕೂದಲೆಳೆಯಷ್ಟು ಸರಿದರೂ ಕೆಲಸ ಕೆಟ್ಟಿತು.

ರೋಸ್‌ವುಡ್ ಹುಟ್ಟಿದ್ದು ಪೇಜ್‌ನ ‘ಕ್ಲಾರೆಂಡನ್ ಆರ್ನಮೆಂಟೆಡ್’ ಎಂಬ ಮೊಳೆಯಿಂದ. ರೋಸ್‌ವುಡ್‌ನಲ್ಲೂ ಎರಡು ಫಾಂಟ್‌ಗಳಿವೆ, ಚಿತ್ತಾರದ್ದು ಮತ್ತು ‘ಫಿಲ್’. ಒಂದೇ ಪದವನ್ನು ಒಂದೇ ಅಳತೆಯಲ್ಲಿ ಎರಡು ಸಲ ಹಾಕಿ, ಕೆಳಗೆ ಫಿಲ್, ಮೇಲೆ ಚಿತ್ತಾರ ಇಟ್ಟು ಬೇರೆ ಬೇರೆ ಬಣ್ಣ ಕೊಟ್ಟರೆ ಪೇಜ್‌ನ ಅಚ್ಚುಕೂಟವೇ ಪರದೆಯ ಮೇಲೆ ಬಂದಂತೆ. ಆದರೆ ಬಹಳ ಮಂದಿ ಚಿತ್ತಾರದ್ದೊಂದನ್ನೇ ಚಿಕ್ಕದಾಗಿ ಹಾಕಿ ರಾಡಿ ಎಬ್ಬಿಸುತ್ತಾರೆ. ಉಪ್ಪಿನಕಾಯಿ ಬಾಟಲಿಯ ಚೀಟಿ, ಐಸ್‌ಕ್ರೀಂ ಗಾಡಿಯ ಫಲಕ, ಮೇಳದ ಪೋಸ್ಟರು ಇದಕ್ಕೆ ತಕ್ಕ ಜಾಗ. ಅಲ್ಲೂ ಒಂದೆರಡು ಪದಕ್ಕೆ ಮಾತ್ರ. ಮದುವೆ ಕರೆಯೋಲೆಯನ್ನು ಪೂರ್ತಿ ಇದರಲ್ಲೇ ಕಂಪೋಸ್ ಮಾಡಿದರೆ ನೆಂಟರಿಗೆ ಮುಹೂರ್ತ ಗೊತ್ತಾಗುವುದಿಲ್ಲ. ನನ್ನನ್ನು ಕೇಳಿದರೆ ಫಿಲ್ ಒಂದನ್ನೇ ಬಳಸುವುದು ಇನ್ನೂ ವಾಸಿ: ಗಟ್ಟಿಮುಟ್ಟಾದ, ಹಂಗಿಲ್ಲದ ಅಕ್ಷರ.

ರೋಸ್‌ವುಡ್‌ನಲ್ಲಿ ಕನ್ನಡವಿಲ್ಲ. ಪೇಜ್‌ನ ಉಪಾಯಕ್ಕೆ ಮಾತ್ರ ಲಿಪಿಯ ತಡೆಯಿಲ್ಲ. ದಪ್ಪನೆಯ ಕನ್ನಡ ಫಾಂಟ್ ಒಂದರ ಎರಡು ಪ್ರತಿ ಮಾಡಿಕೊಂಡು, ಮೇಲಿನದರಲ್ಲಿ ಅಂಚಿನ ಗೆರೆಯನ್ನಷ್ಟೇ ಉಳಿಸಿ ನೋಡಬಹುದು. ಒತ್ತಕ್ಷರದ ಕೆಳಗೆ ಜಾಗ ಬಿಡುವುದನ್ನು ಮರೆಯಬೇಡಿ.